ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು: ಕೆನಡಾ ಪಿಆರ್ ಅರ್ಜಿಗೆ ಮುಂಚೆ ಏನೇನು ಸರಿಪಡಿಸಬೇಕು?

ಪ್ರಶ್ನೆ, ತುಮಕೂರಿನಿಂದ

ನಾನು, ನನ್ನ ಪತ್ನಿ ಎಕ್ಸ್‌ಪ್ರೆಸ್ ಎಂಟ್ರಿ (ನುರಿತ ಕೆಲಸಗಾರರಿಗಿರುವ ಆನ್‌ಲೈನ್ ವಲಸೆ ವ್ಯವಸ್ಥೆ) ಮೂಲಕ ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿಯ ಕಾಯಂ ವಾಸದ ಅನುಮತಿಗೆ, ಅರ್ಜಿ ಹಾಕುವವರಿದ್ದೇವೆ. ದಾಖಲೆಗಳನ್ನೆಲ್ಲ ಹರಡಿಕೊಂಡು ಕೂತರೆ ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ಇಲ್ಲ. ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗಿನ ಅಂಕಪಟ್ಟಿಗಳಲ್ಲಿ ನಾನು ‘ಮಂಜುನಾಥ ಕೆ. ಎಸ್.’ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಮಂಜುನಾಥ ಕೆರೆಹಳ್ಳಿ ಶಿವಣ್ಣ’ ಎಂದು ಮೂರೂ ಪದಗಳು ಗಿವನ್ ನೇಮ್ ಜಾಗದಲ್ಲಿವೆ, ಸರ್‌ನೇಮ್ ಖಾಲಿ. ಬ್ಯಾಂಕಿನಲ್ಲಿ ಬರೀ ‘ಮಂಜುನಾಥ ಎಸ್.’ ಪತ್ನಿಯ ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಜೊತೆ ತಂದೆಯ ಹೆಸರಿದೆ, ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಬರೆಯುವ ಕಡೆ ಪತ್ನಿಯ ಹೆಸರಿನ ಜೊತೆ ನನ್ನ ಹೆಸರಿದೆ. ಸಾಲದ್ದಕ್ಕೆ ಪತ್ನಿಯ ಹೆಸರಿನ ‘ಲಕ್ಷ್ಮಿ’ ಒಂದು ಕಡೆ ಎಕ್ಸ್ ಅಕ್ಷರದಲ್ಲಿ, ಇನ್ನೊಂದು ಕಡೆ ಕೆ-ಎಸ್-ಎಚ್‌ನಲ್ಲಿ. ಏಜೆಂಟರೊಬ್ಬರು ಎಲ್ಲದಕ್ಕೂ ಗೆಜೆಟ್ ಮಾಡಿಸಿ ಒಂದೇ ಹೆಸರಿಗೆ ತನ್ನಿ ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ.

ಮಿಸಿಸಾಗಾದಿಂದ

ಮಂಜುನಾಥ ಅವರೇ, ಮೊದಲು ಆ ಏಜೆಂಟರಿಗೆ ಕೈಮುಗಿದು ಹೊರಗೆ ಬನ್ನಿ. ನಮ್ಮ ಮನೆಯಲ್ಲೂ ಹೆಚ್ಚುಕಡಿಮೆ ಇದೇ ಪರಿಸ್ಥಿತಿ ಇತ್ತು; ಒಂದೇ ಒಂದು ಅಂಕಪಟ್ಟಿಯನ್ನೂ ತಿದ್ದಿಸದೆ ಪಿಆರ್ ಬಂತು.

ಕೆನಡಾದ ವಲಸೆ ಇಲಾಖೆ, ಅಂದರೆ ಐಆರ್‌ಸಿಸಿ, ನಿಮ್ಮ ಹೆಸರಿಗೆ ಆಧಾರವೆಂದು ನೋಡುವುದು ಪಾಸ್‌ಪೋರ್ಟನ್ನು. ಅದರಲ್ಲಿ ತಪ್ಪಾಗಿ ಅಚ್ಚಾಗಿದ್ದರೂ ಇದ್ದ ಹಾಗೆಯೇ ಬರೆಯಿರಿ, ಇನಿಷಿಯಲ್ ಬಳಸಬೇಡಿ ಎಂದು ಅರ್ಜಿಯ ಮಾರ್ಗದರ್ಶಿಯಲ್ಲೇ ಇದೆ. ಸರ್‌ನೇಮ್ ಖಾಲಿ ಇರುವವರಿಗೂ ಅಲ್ಲೇ ಉತ್ತರವಿದೆ: ಗಿವನ್ ನೇಮ್‌ನಲ್ಲಿರುವ ಅಷ್ಟನ್ನೂ ಫ್ಯಾಮಿಲಿ ನೇಮ್ ಖಾನೆಗೆ ಹಾಕಿ, ಗಿವನ್ ನೇಮ್ ಖಾನೆಯನ್ನು ಖಾಲಿ ಬಿಡಬೇಕು. ನೋಡುವುದಕ್ಕೆ ವಿಚಿತ್ರವಾಗಿ ಕಾಣುತ್ತದೆ, ಕೈ ತಡೆಯುತ್ತದೆ, ಆದರೂ ಹಾಗೆಯೇ ಮಾಡಿ. ನೀವಾಗಿಯೇ ‘ಶಿವಣ್ಣ’ವನ್ನು ಕತ್ತರಿಸಿ ಸರ್‌ನೇಮ್ ಮಾಡಿದಿರೋ, ಇರುವ ಹೆಸರುಗಳ ಸಾಲಿಗೆ ಇನ್ನೊಂದು ಸೇರಿತು.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ‘ಬೇರೆ ಯಾವುದಾದರೂ ಹೆಸರನ್ನು ಎಂದಾದರೂ ಬಳಸಿದ್ದೀರಾ’ ಎಂಬ ಪ್ರಶ್ನೆ ಅರ್ಜಿಯಲ್ಲಿ ಬರುತ್ತದೆ. ಅಲಿಯಾಸ್ ಎಂದರೆ ಪೊಲೀಸ್ ಠಾಣೆಯ ಮಾತು ಎಂದುಕೊಂಡು ನಮ್ಮವರು ಸಲೀಸಾಗಿ ‘ಇಲ್ಲ’ ಎಂದು ಒತ್ತಿಬಿಡುತ್ತಾರೆ. ‘ಮಂಜುನಾಥ ಕೆ. ಎಸ್.’, ‘ಮಂಜುನಾಥ ಎಸ್.’ ಎರಡನ್ನೂ ಅಲ್ಲಿ ಘೋಷಿಸಿ. ಪತ್ನಿಯ ಹೆಸರಿನ ಎರಡೂ ರೂಪಗಳನ್ನು, ಎಕ್ಸ್ ಇರುವುದು ಎಕ್ಸ್ ಇಲ್ಲದ್ದು ಸಮೇತ, ಅವರ ಭಾಗದಲ್ಲಿ ಬರೆಯಿರಿ. ಕಾಗುಣಿತ ಬೇರೆಯಾದ ಮಾತ್ರಕ್ಕೆ ಯಾರೂ ಸುಳ್ಳುಗಾರರಾಗುವುದಿಲ್ಲ. ಆದರೆ ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟರೆಂದು ತೀರ್ಮಾನವಾದರೆ ಅವರ ವಲಸೆ ಕಾನೂನಿನ 40ನೇ ಸೆಕ್ಷನ್ ಪ್ರಕಾರ 5 ವರ್ಷ ಬಾಗಿಲು ಮುಚ್ಚುತ್ತದೆ. ಹೇಳಿಕೊಳ್ಳುವುದಕ್ಕೆ ಖರ್ಚೇ ಇಲ್ಲದಿರುವಾಗ ಬಚ್ಚಿಡುವುದೇಕೆ?

ಅದರ ಜೊತೆಗೆ ಒಂದು ವಿವರಣಾ ಪತ್ರ. ಇದನ್ನು ಇಲ್ಲಿ ಎಲ್ಲರೂ ಎಲ್‌ಒಇ (ಲೆಟರ್ ಆಫ್ ಎಕ್ಸ್‌ಪ್ಲನೇಶನ್) ಎನ್ನುತ್ತಾರೆ. ಒಂದು ಪುಟ ಸಾಕು. ನನ್ನದರಲ್ಲಿ ಕಥೆ ಇರಲಿಲ್ಲ, ಕೋಷ್ಟಕವಿತ್ತು: ದಾಖಲೆ ಯಾವುದು, ಅದರಲ್ಲಿ ಹೆಸರು ಹೇಗಿದೆ, ವ್ಯತ್ಯಾಸಕ್ಕೆ ಕಾರಣವೇನು, ಎರಡನ್ನೂ ಜೋಡಿಸುವ ಪುರಾವೆ ಯಾವುದು. ನಿಮ್ಮದಾದರೆ ಒಂದು ಸಾಲು ಹೀಗೆ ಬರುತ್ತದೆ: ‘ಬಿ.ಇ. ಪದವಿ ಪ್ರಮಾಣಪತ್ರ – ಮಂಜುನಾಥ ಕೆ. ಎಸ್. – ಕೆ. ಎಂದರೆ ಊರು ಕೆರೆಹಳ್ಳಿ, ಎಸ್. ಎಂದರೆ ತಂದೆ ಶಿವಣ್ಣ. ಪಾಸ್‌ಪೋರ್ಟಿನಲ್ಲಿ ಇವೆರಡನ್ನೂ ವಿಸ್ತರಿಸಿ ಬರೆಯಲಾಗಿದೆ – ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು.’ ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗುವ ಪದ್ಧತಿ ಕಡತ ನೋಡುವವರಿಗೆ ಗೊತ್ತಿರಲೇಬೇಕೆಂದೇನಿಲ್ಲ. ಒಂದು ವಾಕ್ಯದಲ್ಲಿ ಹೇಳಿಬಿಡಿ.

ಧಾರವಾಡದಿಂದ, ವಕೀಲರು

ಗೆಜೆಟ್ ಮತ್ತು ಅಫಿಡವಿಟ್ ಬಗ್ಗೆ ನನ್ನ ಕಡೆಯಿಂದಲೂ ಒಂದಿಷ್ಟು. ದಿನವೂ ಇವನ್ನೇ ಬರೆದುಕೊಡುವವನು ನಾನು.

ಗೆಜೆಟ್ ಪ್ರಕಟಣೆ ಇರುವುದು ಹೆಸರು ಬದಲಾಯಿಸಿಕೊಂಡವರಿಗೆ. ಅಫಿಡವಿಟ್ ಮಾಡಿ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ನಂತರ ಭಾರತ ಗೆಜೆಟ್‌ನ 4ನೇ ಭಾಗದಲ್ಲಿ ‘ಇನ್ನು ಮುಂದೆ ನಾನು ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ’ ಎಂದು ಬರುತ್ತದೆ. ನೀವು ಹೆಸರನ್ನು ಬದಲಾಯಿಸಿಕೊಂಡಿಲ್ಲವಲ್ಲ, ಇನಿಷಿಯಲ್ ಬಿಡಿಸಿದ್ದೀರಿ ಅಷ್ಟೇ. ಈಗ ಗೆಜೆಟ್ ಮಾಡಿಸಿದರೆ ಏನಾಗುತ್ತದೆ ನೋಡಿ: ‘ಮಂಜುನಾಥ ಕೆರೆಹಳ್ಳಿ ಶಿವಣ್ಣ’ ಎಂಬ ಹೆಸರು ಹುಟ್ಟಿದ್ದು ಈ ವರ್ಷ ಎಂದು ನೀವೇ ಪ್ರಕಟಿಸಿದಂತಾಯಿತು. ಹಾಗಾದರೆ ಅದೇ ಹೆಸರಿನ ಪಾಸ್‌ಪೋರ್ಟ್ ಅಷ್ಟು ವರ್ಷ ಮೊದಲೇ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ? ಇಲ್ಲದ ತಕರಾರನ್ನು ದುಡ್ಡು ಕೊಟ್ಟು ತಂದುಕೊಂಡ ಹಾಗೆ.

ಅಫಿಡವಿಟ್ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ಅದು ನಿಮ್ಮದೇ ಹೇಳಿಕೆ. ನೀವು ಪ್ರಮಾಣ ಮಾಡಿದಿರಿ ಎಂಬುದಕ್ಕಷ್ಟೇ ನೋಟರಿಯ ಮೊಹರು. ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು, ಅಂಕಪಟ್ಟಿಯ ನೋಂದಣಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಇವೆಲ್ಲ ಅದರೊಳಗೆ ಇದ್ದು, ಆಯಾ ಪ್ರತಿಗಳು ಜೊತೆಗಿದ್ದರೆ ಮಾತ್ರ ಅದಕ್ಕೆ ತೂಕ. ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆಯಲ್ಲಿ ‘ನನ್ನ ಹೆಸರು ತಪ್ಪಾಗಿ ಮುದ್ರಿತವಾಗಿರುತ್ತದೆ’ ಎಂಬ ಸಾಲು ಇರುತ್ತದೆ. ಅದನ್ನು ಹೊಡೆದುಹಾಕಿಸಿ. ನಿಮ್ಮ ಅಂಕಪಟ್ಟಿಯಲ್ಲಿ ತಪ್ಪೇನೂ ಇಲ್ಲ. ತಪ್ಪು ಎಂದು ನೀವೇ ಬರೆದುಕೊಟ್ಟರೆ, ಹಾಗಿದ್ದರೆ ತಿದ್ದಿಸಿಕೊಂಡು ಬನ್ನಿ ಎನ್ನುವುದು ಯಾವ ಕಚೇರಿಗೂ ಸುಲಭ. ‘ಈ ಎಲ್ಲ ಹೆಸರುಗಳೂ ನನ್ನೊಬ್ಬನಿಗೇ ಸಂಬಂಧಿಸಿದವು’ ಎಂದಿರಲಿ.

ಪಿಆರ್ ಸಲುವಾಗಿ ಆಧಾರ್‌ಗೆ ಕೈ ಹಾಕಬೇಡಿ. ಅದರಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನದಲ್ಲಿ ಇರುವುದೇ ಎರಡು ಅವಕಾಶ. ನಿಜವಾಗಿ ಬೇಕಾದ ದಿನಕ್ಕೆ ಇಟ್ಟುಕೊಳ್ಳಿ.

ಓಕ್‌ವಿಲ್‌ನಿಂದ

ಮಂಜುನಾಥಣ್ಣ, ನಿಮ್ಮ ಪಟ್ಟಿಯಲ್ಲಿ ನನಗೆ ಕಳವಳ ಹುಟ್ಟಿಸಿದ್ದು ಒಂದೇ, ಮಗಳ ಜನನ ಪ್ರಮಾಣಪತ್ರ. ಅಂಕಪಟ್ಟಿಯ ಹೆಸರು ಓದಿಗೆ ಸಂಬಂಧಿಸಿದ್ದು. ಇದು ಮಗು ಯಾರದ್ದು ಎಂಬುದಕ್ಕೇ ಪುರಾವೆ. ಅದರಲ್ಲಿರುವ ತಾಯಿಯ ಹೆಸರಿಗೂ ಅರ್ಜಿಯಲ್ಲಿರುವ ತಾಯಿಯ ಹೆಸರಿಗೂ ಕೊಂಡಿ ಬೇಕೇಬೇಕು.

ನಮ್ಮಲ್ಲಿ ಆಸ್ಪತ್ರೆಯವರು ಹೆರಿಗೆಯ ಹೊತ್ತಿನಲ್ಲಿ ಅತ್ತೆಯವರನ್ನು ಕೇಳಿ ನನ್ನ ಹೆಸರು ಬರೆದುಕೊಂಡಿದ್ದರು. ಅತ್ತೆ ಸಹಜವಾಗಿ ಮಗನ ಹೆಸರು ಸೇರಿಸಿ ಹೇಳಿದ್ದರು. ನಾನು ಅದನ್ನು ತಿದ್ದಿಸಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ನೋಂದಣಾಧಿಕಾರಿಗೆ ಆ ಅಧಿಕಾರವಿದೆ. ಅವರು ಮೂಲ ನಮೂದನ್ನು ಅಳಿಸುವುದಿಲ್ಲ. ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕುತ್ತಾರೆ. ನನ್ನಿಂದ ಕೇಳಿದ್ದು ಪಾಸ್‌ಪೋರ್ಟ್, ಮದುವೆಯ ನೋಂದಣಿ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ. ಆ ಡಿಸ್ಚಾರ್ಜ್ ಹಾಳೆ ಮನೆಯಲ್ಲಿ ಎಲ್ಲಿದೆ ಎಂದು ಇಂದೇ ಹುಡುಕಿಡಿ. ತಿದ್ದುಪಡಿಗೆ ಕಾಲ ಹಿಡಿಯುತ್ತದೆ ಎಂದಾದರೆ ಮದುವೆಯ ಪ್ರಮಾಣಪತ್ರವೇ ಕೊಂಡಿಯಾಗಬಹುದು, ಅದರಲ್ಲಿ ಅವರ ತವರಿನ ಹೆಸರೂ ನಿಮ್ಮ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇದ್ದರೆ.

ಇನ್ನೊಂದು ಮಾತು. ಪತ್ನಿಯ ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇರಲಿ. ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಎಂಬ ನಿಯಮ ಭಾರತದಲ್ಲೂ ಇಲ್ಲ, ಕೆನಡಾದಲ್ಲೂ ಇಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಂತೂ 1981ರಿಂದ ಹೆಂಗಸರು ಮದುವೆಯ ನಂತರವೂ ಹುಟ್ಟಿನ ಹೆಸರಿನಲ್ಲೇ ವ್ಯವಹರಿಸಬೇಕೆಂಬ ಕಾನೂನಿದೆ. ‘ಗಂಡನ ಹೆಸರು ಸೇರಿಸಿದರೆ ಸುಲಭ’ ಎನ್ನುವ ಬಂಧುಗಳ ಮಾತಿಗೆ ಕಿವಿಗೊಡಬೇಡಿ.

ಕ್ಯಾಲ್ಗರಿಯಿಂದ

ಅಮೆರಿಕದಲ್ಲಿ ಕೆಲಸ ಮಾಡಿ ಅಲ್ಲಿಂದ ಬಂದವರಿಗೆ ಒಂದು ಹೆಚ್ಚಿನ ಸಂಗತಿ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅರ್ಥ. ಅದು ಸಂಬಳದ ಚೀಟಿ, ಚಾಲನಾ ಪರವಾನಗಿ, ಬ್ಯಾಂಕ್ ಎಲ್ಲ ಕಡೆ ಅಂಟಿಕೊಂಡು ಬರುತ್ತದೆ. ನನ್ನ ಸಹೋದ್ಯೋಗಿಗಳು ಕೆಲವರು ನನ್ನ ಹೆಸರೇ ‘ಫನು’ ಎಂದು ತಿಳಿದಿದ್ದರು. ಕೆನಡಾದ ಅರ್ಜಿಯಲ್ಲಿ ಇದನ್ನು ಹೆಸರಿನ ಖಾನೆಗೆ ತರಬೇಡಿ. ಬೇರೆ ಹೆಸರುಗಳ ಪಟ್ಟಿಯಲ್ಲಿ ಹಾಕಿ. ಕಳೆದ 10 ವರ್ಷಗಳಲ್ಲಿ ಯಾವ ದೇಶದಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ಇದ್ದಿರೋ ಅಲ್ಲಿಯ ಪೊಲೀಸ್ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರ ಮೇಲೂ ಈ ಮೂರಕ್ಷರ ಬರಬಹುದು, ಆಗ ವಿವರಣಾ ಪತ್ರದ ಕೋಷ್ಟಕದಲ್ಲಿ ಇದಕ್ಕೂ ಒಂದು ಸಾಲು.

ತುಮಕೂರಿನಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಏಜೆಂಟರ ಕಚೇರಿಗೆ ಇನ್ನು ಹೋಗುವುದಿಲ್ಲ. ಇನ್ನೊಂದೇ ಅನುಮಾನ. ಸರ್‌ನೇಮ್ ಖಾಲಿ ಇಟ್ಟುಕೊಂಡೇ ಅರ್ಜಿ ಹಾಕಲೇ, ಅಥವಾ ಮೊದಲು ಪಾಸ್‌ಪೋರ್ಟನ್ನೇ ಮರುವಿತರಣೆ ಮಾಡಿಸಿ ‘ಶಿವಣ್ಣ’ವನ್ನು ಸರ್‌ನೇಮ್ ಮಾಡಿಕೊಳ್ಳಲೇ?

ಬ್ರಾಂಪ್ಟನ್‌ನಿಂದ

ಇಲ್ಲಿ ನಾನು ಮಿಸಿಸಾಗಾದವರ ಮಾತಿಗೆ ಸ್ವಲ್ಪ ಅಡ್ಡ ಬರುತ್ತೇನೆ. ಅರ್ಜಿಗೆ ತೊಂದರೆಯಿಲ್ಲ ಎಂಬುದು ನಿಜ. ಪಿಆರ್ ಬಂದ ಮೇಲಿನ ಬದುಕಿನ ಮಾತೇನು? ಪಿಆರ್ ಕಾರ್ಡಿನಲ್ಲಿ ಮೂರೂ ಪದಗಳು ಕುಟುಂಬದ ಹೆಸರಾಗಿ ಕೂರುತ್ತವೆ. ಫೋನ್ ಸಂಪರ್ಕ, ಬಾಡಿಗೆ ಮನೆ, ಮಕ್ಕಳ ಶಾಲೆ, ಎಲ್ಲಿ ಹೋದರೂ ಕಂಪ್ಯೂಟರ್ ಮೊದಲ ಹೆಸರು ಕೇಳುತ್ತದೆ, ಖಾಲಿ ಬಿಡಲು ಒಪ್ಪುವುದಿಲ್ಲ. ಎದುರಿಗಿದ್ದ ಗುಮಾಸ್ತರು ಒಬ್ಬರು ಚುಕ್ಕಿ ಇಟ್ಟರು, ಒಬ್ಬರು ಅಡ್ಡಗೆರೆ ಎಳೆದರು, ಒಬ್ಬರು ಹೆಸರನ್ನೇ ಎರಡು ಸಲ ಬರೆದರು. ಇಲ್ಲಿಗೆ ಬಂದ ಮೇಲೆ ಬದಲಾಯಿಸೋಣವೆಂದರೆ ಅದು ಪ್ರಾಂತ್ಯದ ಕಾನೂನಿನ ವಿಷಯ. ಒಂಟಾರಿಯೋದಲ್ಲಿ ಕನಿಷ್ಠ 12 ತಿಂಗಳು ವಾಸವಾಗಿರಬೇಕು. ಆಮೇಲೆ ಪಿಆರ್ ಕಾರ್ಡ್, ಭಾರತದ ಪಾಸ್‌ಪೋರ್ಟ್ ಎರಡನ್ನೂ ಹೊಸ ಹೆಸರಿಗೆ ತರಬೇಕು. ಅಲ್ಲಿಯವರೆಗೆ ವಿಮಾನ ಹತ್ತುವಾಗ ಎರಡರಲ್ಲಿ ಎರಡು ಹೆಸರು.

ಕೆನಡಾ ಒಂದೇ ಅಲ್ಲ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ನಿಮ್ಮದು ಮೂರು ಪದ, ಆ ಗೊಡವೆ ಇಲ್ಲ. ಆದರೂ ಎರಡೂ ಖಾನೆ ತುಂಬಿರುವ ಪಾಸ್‌ಪೋರ್ಟೇ ನೆಮ್ಮದಿ.

ಆದರೆ ಹೊತ್ತು ನೋಡಿ ಮಾಡಿ. ಪಿಆರ್‌ಗೆ ಅರ್ಜಿ ಹಾಕಿ ಎಂದು ಐಆರ್‌ಸಿಸಿಯಿಂದ ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಸಲ್ಲಿಸಲು ಇರುವುದು 60 ದಿನ. ಅದರ ನಡುವೆ ಪಾಸ್‌ಪೋರ್ಟ್ ಕೊಟ್ಟು ಪೊಲೀಸ್ ಪರಿಶೀಲನೆಗೆ ಕಾಯುತ್ತಾ ಕೂರುವುದು ಹುಚ್ಚುತನ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಇನ್ನೂ ಪ್ರೊಫೈಲ್ ಹಾಕಿಲ್ಲವಾದರೆ ಈಗಲೇ ಮರುವಿತರಣೆ ಮಾಡಿಸಿ, ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ, ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮ ಎಂದು ಹೇಳುವ ಮೌಲ್ಯಮಾಪನಕ್ಕೆ ಹೆಸರು ನೋಂದಾಯಿಸಿ. ಪರೀಕ್ಷೆ ಆಗಲೇ ಮುಗಿದಿದ್ದರೆ ಪಾಸ್‌ಪೋರ್ಟ್ ಮುಟ್ಟಬೇಡಿ. ಹಳೆಯ ಪಾಸ್‌ಪೋರ್ಟಿನ ಪ್ರತಿಯನ್ನು ಮಾತ್ರ ಎಸೆಯಬೇಡಿ.

ಮಿಸಿಸಾಗಾದಿಂದ

ಬ್ರಾಂಪ್ಟನ್‌ನವರ ಮಾತು ಒಪ್ಪಿದೆ, ಪರೀಕ್ಷೆಗೆ ಇನ್ನೂ ಕೂತಿಲ್ಲದವರ ಮಟ್ಟಿಗೆ. ಬಿಟ್ಟುಹೋದ ಎರಡು ಸಣ್ಣ ಸಂಗತಿಗಳಿವೆ.

ಬ್ಯಾಂಕಿನದು ಎಲ್ಲಕ್ಕಿಂತ ಸುಲಭ. ಹಣದ ಪುರಾವೆಗೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕಾಗುತ್ತದೆ: ಖಾತೆ ತೆರೆದ ದಿನಾಂಕ, ಈಗಿನ ಶಿಲ್ಕು, 6 ತಿಂಗಳ ಸರಾಸರಿ, ಸಾಲವಿದ್ದರೆ ಅದು. ಪಾಸ್‌ಪೋರ್ಟ್ ಕೊಟ್ಟು ಕೆವೈಸಿಯಲ್ಲೇ ಹೆಸರು ಸರಿಪಡಿಸಿಕೊಳ್ಳಿ. ಆಗದಿದ್ದರೆ ಖಾತೆಯ ಹೆಸರಿನ ಪಕ್ಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಬರೆದುಕೊಡಿ ಎಂದು ಕೇಳಿ. ನಾನು ಕೇಳಿದ ಶಾಖೆಯಲ್ಲಿ ಮೊದಲು ಆಗುವುದಿಲ್ಲ ಎಂದರು, ವ್ಯವಸ್ಥಾಪಕರ ಬಳಿ ಹೋದಾಗ ಆಯಿತು. ಹಿಂದಿನ ಕಂಪನಿಗಳ ಅನುಭವ ಪತ್ರಕ್ಕೂ ಇದೇ ಉಪಾಯ.

ಎರಡನೆಯದು ಅನುವಾದ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ದಾಖಲೆ ಕೊಡುವುದಾದರೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಬೇಕು. ನೀವಾಗಲಿ ಮನೆಯವರಾಗಲಿ ಮಾಡುವಂತಿಲ್ಲ. ಅನುವಾದಕರು ಹೆಸರನ್ನು ಕಿವಿಗೆ ಕೇಳಿದಂತೆ ಇಂಗ್ಲಿಷಿಗೆ ಇಳಿಸುತ್ತಾರೆ. ನಮ್ಮಲ್ಲಿ ‘ಗೌಡ’ ಪಾಸ್‌ಪೋರ್ಟಿನಲ್ಲಿ ಡಬ್ಲ್ಯು ಇಟ್ಟುಕೊಂಡು, ಅನುವಾದದಲ್ಲಿ ಯು ಆಗಿ ಬಂದಿತ್ತು. ಕೆಲಸ ಒಪ್ಪಿಸುವಾಗಲೇ ಪಾಸ್‌ಪೋರ್ಟಿನ ಪ್ರತಿ ಕೈಗಿಟ್ಟು, ಮನೆಮಂದಿಯ ಹೆಸರುಗಳನ್ನೆಲ್ಲ ಅದರಂತೆಯೇ ಬರೆಯಲು ಹೇಳಿ. ಮೊಹರು ಬಿದ್ದ ಮೇಲೆ ತಿದ್ದಿಸಲು ಹೋದರೆ ಮತ್ತೊಮ್ಮೆ ಶುಲ್ಕ ಕೇಳುತ್ತಾರೆ.