ಹಳದಿ ಜ್ವರವೋ, ಕಾಮಾಲೆಯೋ? ಆಫ್ರಿಕಾಕ್ಕೆ ಹೊರಟವರ ಲಸಿಕೆಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆಂದು ಕೀನ್ಯಾ, ಉಗಾಂಡಾ ಕಡೆ ಹೊರಡುವ ನಮ್ಮವರಿಗಾಗಿ ಲಸಿಕೆಯ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಮೊದಲನೆಯದು ರೋಗದ ಹೆಸರು. ಪತ್ರಿಕೆಗಳಲ್ಲಿ 'ಹಳದಿ ಜ್ವರ' ಎಂದಿರುತ್ತದೆ, ಅಲ್ಲೊಂದು ಇಲ್ಲೊಂದು ಕಡೆ 'ಪೀತಜ್ವರ'. ಆದರೆ ಹಳದಿ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಅರಿಶಿನ ಕಾಮಾಲೆ, ಧಾರವಾಡದ ಕಡೆಯವರ ಕಾಮಣಿ. 'ಕಾಮಾಲೆ ಇಂಜೆಕ್ಷನ್ ಆಗಿದೆಯಲ್ಲ, ಮತ್ತೆ ಇದ್ಯಾಕೆ?' ಎನ್ನುತ್ತಾರೆ. ಅವರು ಹಾಕಿಸಿಕೊಂಡಿರುವುದು ಹೆಪಟೈಟಿಸ್ ಲಸಿಕೆ. ಈ ಗೊಂದಲ ಸುಮ್ನೆ ಹುಟ್ಟಿದ್ದಲ್ಲ. ಜ್ವರ ಜೋರಾದರೆ ಲಿವರ್ ಕೆಟ್ಟು ಕಣ್ಣು, ಮೈ ಹಳದಿಯಾಗುತ್ತದೆ, ಹೆಸರು ಬಂದದ್ದೇ ಹಾಗೆ. ಆದರೆ ಇದು ಸೊಳ್ಳೆ ತರುವ ವೈರಸ್. ನಮ್ಮಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಅದನ್ನೂ ಹರಡಬಲ್ಲದು. ಭಾರತದಲ್ಲಿ ಈ ರೋಗ ಇಲ್ಲ, ಸೊಳ್ಳೆ ಬೇಕಾದಷ್ಟಿದೆ. ಈ ರೋಗವಿರುವ ದೇಶಗಳಿಂದ ಬರುವವರ ಲಸಿಕೆ ಕಾರ್ಡನ್ನು, ಅಂದರೆ ಲಸಿಕೆಯ ಪ್ರಮಾಣಪತ್ರವನ್ನು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಿಗಿಯಾಗಿ ನೋಡುವುದು ಅದಕ್ಕೇ. ಕಾರ್ಡು ಇಲ್ಲದಿದ್ದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು.

ಲಸಿಕೆ ಕೇಂದ್ರದಲ್ಲಿ ಕೇಳುವಾಗ ಬೇಕಾಗುವುದು 'ಯೆಲ್ಲೋ ಫೀವರ್' ಎಂಬ ಹೆಸರೇ. ಹಾಗಾಗಿ ಅದನ್ನೇ ಮೊದಲು ಬರೆದು, ಪಕ್ಕದಲ್ಲಿ 'ಸೊಳ್ಳೆ ಕಚ್ಚಿ ಬರುವ ಹಳದಿ ಜ್ವರ, ಕಾಮಾಲೆ ಅಲ್ಲ' ಎಂದು ಸೇರಿಸುವುದು ನನಗೆ ಸರಿ ಕಾಣುತ್ತದೆ. ಒಂದೇ ಪದದಲ್ಲಿ ಇದನ್ನು ಹೇಳಬಹುದೇ?

ಎರಡನೆಯದು 'ಸಿಂಧು'. 'ಲಸಿಕೆ ಪಡೆದ 10 ದಿನಗಳ ನಂತರ ಪ್ರಮಾಣಪತ್ರ ಸಿಂಧುವಾಗುತ್ತದೆ' ಎಂದು ಬರೆದರೆ, ಓದುವವರ ಕಣ್ಣು '10 ದಿನ'ದ ಮೇಲೆ ನಿಲ್ಲುತ್ತದೆ. ಅಷ್ಟೇ ದಿನ ಬಾಳಿಕೆ ಅಂದುಕೊಂಡು ಹೊರಡುವ ಹಿಂದಿನ ದಿನ ಹಾಕಿಸಿಕೊಳ್ಳುವವರಿದ್ದಾರೆ. ಅವರನ್ನು ಅಲ್ಲಿ ಇಳಿದ ಮೇಲೆ ತಡೆಯಬಹುದು. 'ಊರ್ಜಿತ' ಇನ್ನೂ ಕಷ್ಟ. 'ಚಾಲ್ತಿ' ಪರವಾಗಿಲ್ಲ. ಆದರೆ 'ಈ ನೋಟು ನಡೆಯೋದಿಲ್ಲ' ಎನ್ನುತ್ತೇವೆ, ಅಲ್ವಾ? ಹಾಗೇ ಬರೆದು ನೋಡಿದೆ: 'ಲಸಿಕೆ ಹಾಕಿಸಿಕೊಂಡು 10 ದಿನ ಕಳೆಯುವ ತನಕ ಈ ಕಾರ್ಡು ನಡೆಯುವುದಿಲ್ಲ. ಆಮೇಲೆ ಬದುಕಿರುವವರೆಗೂ ನಡೆಯುತ್ತದೆ.'

ಬದುಕಿರುವವರೆಗೂ ಎಂಬುದು 2016ರ ಜುಲೈನಿಂದ ಬಂದ ನಿಯಮ. ಅದಕ್ಕೆ ಮುಂಚೆ 10 ವರ್ಷಕ್ಕೆ ಮುಗಿಯುತ್ತಿತ್ತು. ಹಳೆಯ ಕಾರ್ಡಿಗೂ ಈಗಿನ ನಿಯಮವೇ ಅನ್ವಯ.

ಸರ್ಕಾರಿ ಕರಪತ್ರದಲ್ಲಿ 'ನಡೆಯುತ್ತದೆ' ತೀರಾ ಆಡುಮಾತಾಯಿತು ಅನಿಸುತ್ತದೆಯೇ? ಕಲಬುರಗಿ, ಮಂಗಳೂರು ಕಡೆಯವರಿಗೂ ಇದು ಇದೇ ಅರ್ಥದಲ್ಲಿ ಹೊಳೆಯುತ್ತದೆಯೇ? ಬಲ್ಲವರು ತಿಳಿಸಿ.