ಓಪನ್ ಸೋರ್ಸ್‌ಗೆ ಹೋಗಬೇಕೆಂದಿದ್ದೇವೆ, ಅಳವಡಿಸಿಕೊಂಡವರು ಅನುಭವ ಹೇಳಿ

ಹೊಸಬಳು: ನಮ್ಮದು 40 ಜನರ ಸಂಸ್ಥೆ. ಖರೀದಿ, ದಾಸ್ತಾನು, ಲೆಕ್ಕಪತ್ರ ಮೂರನ್ನೂ ಒಂದೇ ತಂತ್ರಾಂಶಕ್ಕೆ ತರಬೇಕು. ಇಆರ್‌ಪಿನೆಕ್ಸ್ಟ್, ಓಡೂ, ಡಾಲಿಬಾರ್ ಎಂಬ ಮೂರು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶಗಳ ಡೆಮೊ ನೋಡಿದ್ದಾಯಿತು. ಸರ್ವರ್ ನೋಡಿಕೊಳ್ಳುವವರು ಒಬ್ಬರೇ, ಅದೂ ಅರ್ಧ ದಿನ. ನೀವು ಏನನ್ನು ನೋಡಿ ತೀರ್ಮಾನಿಸಿದಿರಿ?

ಉಗ್ರಾಣಿ: ಡೆಮೊ ನೋಡಿ ಮರುಳಾಗಬೇಡಿ ಮೇಡಂ, ನಾವು ಆಗಿ ಹನ್ನೊಂದು ತಿಂಗಳು ಅನುಭವಿಸಿದೆವು. ತಂತ್ರಾಂಶ ಕೂರಿಸಿದ್ದು ಒಂದು ಮಧ್ಯಾಹ್ನದಲ್ಲಿ. ಹಳೆಯ ದಾಸ್ತಾನು ಪಟ್ಟಿಯನ್ನು ಒಳಗೆ ತರಲು ಹಿಡಿದದ್ದು ಹದಿನಾಲ್ಕು ವಾರ. 6,200 ವಸ್ತುಗಳು. ಯಾರೋ ಆ ಪಟ್ಟಿಯ ಸಿಎಸ್‌ವಿ ಕಡತವನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರಿ ಪಠ್ಯ) ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಹಾಗೆಯೇ ಉಳಿಸಿದರು. ಅದು ಮುಂದಿನ ಸೊನ್ನೆಗಳನ್ನು ನುಂಗಿ, 00417 ಎಂಬ ವಸ್ತು ಸಂಖ್ಯೆ 417 ಆಯಿತು. 417 ಎಂಬ ಬೇರೆ ವಸ್ತು ಮೊದಲೇ ಇತ್ತು. ಒಂದು ಬೋಲ್ಟು, ಇನ್ನೊಂದು ಬಣ್ಣದ ಡಬ್ಬ. ಐದು ವಾರ ಕಳೆದ ಮೇಲೆ ಪರದೆಯಲ್ಲಿ 1,900 ಡಬ್ಬ ಬಣ್ಣ, ಕಪಾಟಿನಲ್ಲಿ ಹನ್ನೆರಡು! ಸಾಲದ್ದಕ್ಕೆ ನಮ್ಮ ಖರೀದಿ ಪೆಟ್ಟಿಗೆ ಲೆಕ್ಕ, ಕೊಡುವುದು ಬಿಡಿ ಲೆಕ್ಕ. ಪೆಟ್ಟಿಗೆಗೆ ಎಷ್ಟು ಬಿಡಿ ಎಂಬುದನ್ನು 800 ವಸ್ತುಗಳಿಗೆ ನಾನೇ ರಾತ್ರಿ ಕೂತು ತುಂಬಿದ್ದೇನೆ. ಪರವಾನಗಿ ಶುಲ್ಕ ಮಾತ್ರ ಸೊನ್ನೆ.

ಲೆಕ್ಕಿಗ: ಅದು ನಿಮ್ಮ ಪಟ್ಟಿಯ ದೋಷ, ತಂತ್ರಾಂಶದ್ದಲ್ಲ. ದುಡ್ಡು ಕೊಟ್ಟು ತಂದಿದ್ದರೂ ಆ ಸೊನ್ನೆಗಳು ಹಾರಿಹೋಗುತ್ತಿದ್ದವು. ನಾವು ಆರು ವರ್ಷದಿಂದ ಇಆರ್‌ಪಿನೆಕ್ಸ್ಟ್‌ನಲ್ಲಿದ್ದೇವೆ. ಪೂರ್ತಿ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ, ಲೆಕ್ಕಪತ್ರವೂ ಒಳಗೇ ಇದೆ. ಓಡೂವಿನ ಉಚಿತ ಸಮುದಾಯ ಆವೃತ್ತಿಯಲ್ಲಿ ಬಿಲ್ ಮಾಡಬಹುದು, ಪೂರ್ಣ ಲೆಕ್ಕಪತ್ರ ಬೇಕೆಂದರೆ ಎಂಟರ್‌ಪ್ರೈಸ್ ಆವೃತ್ತಿಗೆ ದುಡ್ಡು ಕಟ್ಟಬೇಕು. ಎರಡು ತಿಂಗಳು ಹಳೆಯದು, ಹೊಸದು ಎರಡರಲ್ಲೂ ಬರೆದು, ಪ್ರತಿ ಸಂಜೆ ತಾಳೆ ನೋಡಿದೆವು. ಸಿಬ್ಬಂದಿ ನನ್ನನ್ನು ಶಪಿಸಿದರು. ಶಪಿಸಲಿ.

ಬೇರುಬಿಟ್ಟವ: ಓಡೂ ಬಗ್ಗೆ ಅರ್ಧ ಸತ್ಯ ಹೇಳಬೇಡಿ ಸ್ವಾಮಿ. ಓಡೂ ಸಮುದಾಯದ ಸಂಘವಾದ ಓಸಿಎಯ ಮಾಡ್ಯೂಲ್‌ಗಳಲ್ಲಿ (ಮೇಲಿಂದ ಸೇರಿಸಿಕೊಳ್ಳುವ ತುಣುಕುಗಳು) ಲೆಕ್ಕಪತ್ರದ ವರದಿಗಳಿವೆ, ನಾವು ಅವುಗಳಿಂದಲೇ ವರ್ಷಾಂತ್ಯ ಮುಗಿಸುತ್ತೇವೆ. ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅಳವಡಿಸಿಕೊಟ್ಟ ಸಲಹೆಗಾರರು ಪ್ರತ್ಯೇಕ ಮಾಡ್ಯೂಲ್ ಬರೆಯುವ ಬದಲು ಮೂಲ ಕಡತಗಳನ್ನೇ ತಿದ್ದಿದ್ದರು, 37 ಕಡೆ. ಎಲ್ಲಿ ಎಂದು ಒಂದು ಸಾಲೂ ಬರೆದಿಟ್ಟಿರಲಿಲ್ಲ. ಆವೃತ್ತಿ ಏರಿಸಿದ ದಿನ ಎಲ್ಲ ಅಳಿಸಿಹೋಯಿತು. ಎರಡು ಆವೃತ್ತಿಗಳ ಕೋಡ್ ಅಕ್ಕಪಕ್ಕ ಇಟ್ಟು ಹುಡುಕಿದ್ದಕ್ಕೇ ಇಬ್ಬರಿಗೆ 52 ದಿನ ಹಿಡಿಯಿತು. ಓಡೂ ವರ್ಷಕ್ಕೊಂದು ಆವೃತ್ತಿ ತರುತ್ತದೆ, ಹಿಂದಿನವು ಬೇಗ ಬೆಂಬಲದಿಂದ ಹೊರಗೆ ಬೀಳುತ್ತವೆ.

ಲೆಕ್ಕಿಗ: ಅಂದರೆ ನಾನು ಹೇಳಿದ್ದನ್ನೇ ಉದ್ದಕ್ಕೆ ಹೇಳಿದಿರಿ.

ಬೇರುಬಿಟ್ಟವ: ನಿಮಗೆ ಓದಲು ಬಂದರೆ ತಾನೇ.

ಹಳೇಹುಲಿ: ಇಬ್ಬರೂ ಫೀಚರ್ ಎಣಿಸುತ್ತಿದ್ದೀರಿ. ಯೋಜನೆಯ ಕೀಲಿ ಯಾರ ಕೈಯಲ್ಲಿದೆ ಎಂದು ಮೊದಲು ನೋಡಬೇಕು. ನಾವು ಗ್ರಾಹಕರ ವ್ಯವಹಾರ ನೋಡಿಕೊಳ್ಳುವ ಶುಗರ್‌ಸಿಆರ್‌ಎಂ ತಂತ್ರಾಂಶದ ಸಮುದಾಯ ಆವೃತ್ತಿಯನ್ನು ನೆಚ್ಚಿಕೊಂಡಿದ್ದೆವು. 2014ರಲ್ಲಿ ಕಂಪನಿ ಹೊಸ ಓಪನ್ ಸೋರ್ಸ್ ಆವೃತ್ತಿ ತರುವುದಿಲ್ಲ ಎಂದಿತು. ಅದರ ಕೋಡ್‌ನಿಂದಲೇ ಬೇರೆಯವರು ಕವಲೊಡೆಸಿದ ಸೂಟ್‌ಸಿಆರ್‌ಎಂ ಅಷ್ಟರಲ್ಲಿ ಹುಟ್ಟಿದ್ದರಿಂದ ಬಚಾವಾದೆವು. ಇನ್ನೊಂದು ಮಾತು: ಜಿಪಿಎಲ್ ತಂತ್ರಾಂಶವನ್ನು ತಿದ್ದಿದರೆ ನಿಮ್ಮ ಕೋಡ್ ಬಹಿರಂಗ ಮಾಡಲೇಬೇಕು.

ಬೇರುಬಿಟ್ಟವ: ತಪ್ಪು. ಹೊರಗಿನವರಿಗೆ ಹಂಚಿದರೆ ಮಾತ್ರ ಆ ಪ್ರಶ್ನೆ, ಸಂಸ್ಥೆಯೊಳಗೆ ಬಳಸಿದರೆ ಇಲ್ಲ. ನೆಟ್‌ವರ್ಕ್ ಮೂಲಕ ಬಳಸುವವರಿಗೂ ತಿದ್ದಿದ ಕೋಡ್ ಸಿಗಬೇಕು ಎನ್ನುವುದು ಎಜಿಪಿಎಲ್. ನಿಮ್ಮ ಸೂಟ್‌ಸಿಆರ್‌ಎಂ ಇರುವುದೇ ಅದರಡಿ. ಹುಲಿಗಳು ಪರವಾನಗಿ ಓದುವುದಿಲ್ಲವೇ?

ಹಳೇಹುಲಿ: ನೀವು ಹುಟ್ಟುವ ಮೊದಲಿನಿಂದ ಓದುತ್ತಿದ್ದೇನೆ.

ಹೊಸಬಳು: ಅರ್ಧ ದಿನದವರು ಒಬ್ಬರೇ ಎಂದು ಬರೆದಿದ್ದೆ. ಅದು ಸಾಕಾಗುತ್ತದೆಯೇ?

ತಿರುಗೋಲು: ನಮ್ಮಲ್ಲಿಯೂ ಒಬ್ಬರೇ ಇದ್ದರು. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು, ಹಸಿರು ಗುರುತು ಬರುತ್ತಿತ್ತು. ಡಿಸ್ಕ್ ಕೆಟ್ಟ ದಿನ ಮರಳಿ ತಂದರೆ ದತ್ತಾಂಶವೆಲ್ಲ ಸರಿ, ಬಿಲ್‌ಗಳಿಗೆ ಲಗತ್ತಿಸಿದ ಒಂದು ಸ್ಕ್ಯಾನ್ ಕೂಡ ತೆರೆಯಲಿಲ್ಲ. ಲಗತ್ತುಗಳು ಡೇಟಾಬೇಸ್‌ನಲ್ಲಿರದೆ ಬೇರೆ ಫೋಲ್ಡರ್‌ನಲ್ಲಿದ್ದವು, ಅದನ್ನು ಯಾರೂ ನಕಲು ಮಾಡಿರಲಿಲ್ಲ. ಮೂರು ವರ್ಷದ ಬಿಲ್‌ಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ತೆಗೆದು ಮತ್ತೆ ಸ್ಕ್ಯಾನ್ ಮಾಡಿದೆವು. ಈಗ ತಿಂಗಳಿಗೊಮ್ಮೆ ಖಾಲಿ ಯಂತ್ರಕ್ಕೆ ಮರಳಿ ತಂದು, ಹತ್ತು ಬಿಲ್ ತೆರೆದು ನೋಡುತ್ತೇವೆ. ಅದಕ್ಕೇ ಅರ್ಧ ದಿನ ಬೇಕು.

ಉಗ್ರಾಣಿ: ಲೆಕ್ಕಿಗರೇ, ಪಟ್ಟಿಯ ದೋಷ ಎಂದಿರಲ್ಲ, ಆ ಕಡತವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದದ್ದು ನಮ್ಮ ಲೆಕ್ಕಪತ್ರ ವಿಭಾಗದವರೇ.

ಲೆಕ್ಕಿಗ: ಉಗ್ರಾಣದವರು ಬೋಲ್ಟಿಗೂ ಬಣ್ಣಕ್ಕೂ ಒಂದೇ ಅಂಕಿ ಕೊಟ್ಟದ್ದು ಯಾಕೆ?

ಉಗ್ರಾಣಿ: ಒಂದೇ ಅಲ್ಲ ಸ್ವಾಮಿ! ಮುಂದೆ ಎರಡು ಸೊನ್ನೆ ಇತ್ತು!