ಅಪ್‌ಡೇಟ್: ಪ್ರೋಬಯಾಟಿಕ್ ಮತ್ತು ಹೊಟ್ಟೆ ಉಬ್ಬರ

ಹಲ್ಲಿನ ಸೋಂಕಿಗೆ ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೇದು ಅಂತ ಕೊಡೋ ಜೀವಂತ ಸೂಕ್ಷ್ಮಜೀವಿಗಳು) ಶುರು ಮಾಡಿದ್ದೇ ಹೊಟ್ಟೆ ತಮಟೆ ಥರ ಆಗಿದೆ, ನಿಲ್ಲಿಸಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಬಸವನಗುಡಿಯ ನಮ್ಮ ಡಾಕ್ಟರ್ ಹತ್ರ ಸ್ಟ್ರಿಪ್ ಸಮೇತ ಹೋದೆ. ಕನ್ನಡಕ ಹಣೆಗೇರಿಸಿ ಹಿಂಬದಿಯ ಸಣ್ಣಕ್ಷರ ಓದಿದ್ರು. "ನೋಡಮ್ಮ, ಎಫ್‌ಒಎಸ್ ಅಂತಿದೆಯಲ್ಲ, ಅದು ಬ್ಯಾಕ್ಟೀರಿಯಾಗೆ ಊಟ ಅಂತ ಹಾಕಿರೋ ನಾರು. ದೊಡ್ಡ ಕರುಳಲ್ಲಿ ಹುದುಗಿ ಗ್ಯಾಸ್ ಆಗುತ್ತೆ." ಶುರುವಲ್ಲಿ ಉಬ್ಬರ ಸಾಮಾನ್ಯ, ಹೆಚ್ಚಿನವರಿಗೆ ತಾನಾಗೇ ಇಳಿಯುತ್ತಂತೆ. ಜ್ವರ, ದದ್ದು, ಉಸಿರಾಟದ ತೊಂದ್ರೆ ಬಂದ್ರೆ ಮಾತ್ರ ಕಾಯ್ತಾ ಕೂರಬಾರದು. ಎಫ್‌ಒಎಸ್ ಇಲ್ಲದ್ದು ಬರೆದುಕೊಟ್ಟು, ಆಂಟಿಬಯಾಟಿಕ್‌ಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ ಅಂದ್ರು. ಈಗ ಪರವಾಗಿಲ್ಲ, ರಾತ್ರಿ ನಿದ್ದೆ ಬರ್ತಿದೆ.

ನಿಮ್ಮಲ್ಲೊಬ್ಬರು "ಮಾವನವರಿಗೂ ಕೊಡಿ, ಒಳ್ಳೇದೇ" ಅಂದಿದ್ರಿ. ದಯವಿಟ್ಟು ಯಾರಿಗೂ ಹಾಗೆ ಹೇಳ್ಬೇಡಿ. ಅವರಿಗೆ ಕ್ಯಾನ್ಸರ್‌ಗೆ ಕೀಮೋ ನಡೀತಿದೆ, ಎದೇಲಿ ಪೋರ್ಟ್ (ಔಷಧಿ ನೇರ ರಕ್ತನಾಳಕ್ಕೆ ಕೊಡೋಕೆ ಚರ್ಮದಡಿ ಇಟ್ಟಿರೋ ಸಾಧನ) ಇದೆ. ಮನೇಲಿದ್ದ ಇನ್ನೊಂದು ಪ್ರೋಬಯಾಟಿಕ್ ಪುಡಿಯ ಸ್ಯಾಷೆ ತೋರಿಸಿದ್ರೆ ಡಾಕ್ಟರ್ ಮುಖ ಗಂಭೀರವಾಯ್ತು. ಅದರಲ್ಲಿರೋ ಸ್ಯಾಕರೋಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾನೇ ಅಲ್ಲ, ಯೀಸ್ಟ್. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ಪೋರ್ಟ್ ಇರೋರಿಗೆ ಅಪರೂಪಕ್ಕೆ ಅದು ರಕ್ತಕ್ಕೆ ಸೇರಿ ಸೋಂಕಾಗಬಹುದು. ಅವರ ಕೋಣೇಲಿ ಸ್ಯಾಷೆ ಬಿಚ್ಚೋದೂ ಬೇಡ, ಪುಡಿ ಕೈಗಂಟುತ್ತೆ, ಗಾಳೀಲಿ ಹಾರುತ್ತೆ ಅಂದ್ರು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ಕೊಡೋ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲೇ ಎಚ್ಚರಿಸಿದೆ.

ಮೊಸರು, ಮಜ್ಜಿಗೇಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತಲ್ಲ, ನನಗೆ ಮಜ್ಜಿಗೆಗೆ ಅಡ್ಡಿಯಿಲ್ಲ. ಮಾವನವರ ಮೊಸರನ್ನದ ವಿಷಯ ಗುರುವಾರ ಅವರ ಆಂಕಾಲಜಿಸ್ಟ್ ಹತ್ರ ಕೇಳ್ತೀನಿ.